ಮುಸುರೆ ಕೋಟು

ಮುಸುರೆಯಕ್ಕನ ಬಲ ಭುಜ ಎಡ ಭುಜಕ್ಕಿಂತ ತಗ್ಗು. ಹುಟ್ಟಿದಾಗ ಹಾಗಿರಲಿಲ್ಲ. ಬಕೆಟ್ಟು ಹೊತ್ತು ಹೊತ್ತು ಹಾಗಾಯಿತು. ಕಾಡಿನ ಅಂಚಿನ ಆ ದೊಡ್ಡ ಹೋಟೆಲ್ಲಿನಲ್ಲಿ ಜನ ತಿಂದು ಬಿಟ್ಟದ್ದು, ಕಚ್ಚಿ ಉಗಿದದ್ದು, ತಟ್ಟೆಯಲ್ಲಿ ಕಲಸಿ ಹಾಗೇ ಎದ್ದು ಹೋದದ್ದು, ಎಲ್ಲ ಅವಳ ಬಕೆಟ್ಟಿಗೆ ಬೀಳುತ್ತಿತ್ತು. ಬ್ರೆಡ್ಡಿನ ಚೂರು, ಕೋಳಿಯ ಮೂಳೆ, ಮಾಂಸದ ಕೊಬ್ಬು, ಕೇಕಿನ ಕೆನೆ, ಕೊಳೆತ ಹಣ್ಣು. ಅದರ ಮೇಲೆ ತಟ್ಟೆ ತೊಳೆದ ನೀರು. ಅವಳಿಗೂ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅಡುಗೆಮನೆಗೆ ಅದು ಬೇಕಾಗಿರಲಿಲ್ಲ. ಮುಸುರೆ ಎತ್ತುವವಳು, ಮುಸುರೆಯಕ್ಕ. ಅಲ್ಲಿಗೆ ಮುಗಿಯಿತು.

ಮೈಗೆ ಹಾಕಿಕೊಳ್ಳಲು ಒಂದು ಕೋಟು ಕೊಟ್ಟಿದ್ದರು. ಯಾವ ಕಾಲದ್ದೋ, ಯಾವ ವಾಚ್‌ಮನ್ ಹಾಕಿ ಬಿಟ್ಟದ್ದೋ. ದಪ್ಪ ಉಣ್ಣೆಯದು. ಬಕೆಟ್ಟಿನಿಂದ ತುಳುಕಿದ್ದನ್ನೆಲ್ಲ ಕುಡಿದು ಕುಡಿದು ಹಲಗೆಯಂತೆ ಗಟ್ಟಿಯಾಗಿತ್ತು. ಎಷ್ಟು ಒಗೆದರೂ ನಾತ ಹೋಗುತ್ತಿರಲಿಲ್ಲ. ಅದನ್ನು ಹಾಕಿಕೊಂಡು ಒಳಗೆ ಬರುವ ಹಾಗಿಲ್ಲ. ಹಿಂದಿನ ಗೋಡೆಯ ಮೊಳೆಗೆ ನೇತುಹಾಕಬೇಕು. ಪಕ್ಕದ ಮೊಳೆಗಳಲ್ಲಿ ಲೈನ್ ಮನೆಗಳವರ ಟೀ ಲೋಟಗಳು ನೇತಾಡುತ್ತಿದ್ದವು. ಲೈನ್ ಮನೆ ಎಂದರೆ ಹೋಟೆಲ್ಲಿನ ಕೆಳಗಿನ ಇಳಿಜಾರಿನಲ್ಲಿ ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಕೋಣೆಗಳು. ಪಾತ್ರೆ ತೊಳೆಯುವವರು, ಕಕ್ಕಸು ತೊಳೆಯುವವರು, ಹಾಸಿಗೆ ಬಟ್ಟೆ ಒಗೆಯುವವರು ಅಲ್ಲಿದ್ದರು. ಅವರು ಕುಡಿದ ಲೋಟ ಒಳಗಿನ ಲೋಟಗಳ ಜೊತೆ ಸೇರಬಾರದು. ಅವರು ತೊಳೆದ ಲೋಟ ಮಾತ್ರ ಸೇರಬಹುದು. ಈ ನಿಯಮ ಮಾಡಿದವನಿಗೆ ನಾಚಿಕೆ ಎನ್ನುವುದು ಹತ್ತಿರವೂ ಸುಳಿದಿರಲಿಲ್ಲ.

ಹೋಟೆಲ್ಲಿಗೆ ಜನ ಬರುತ್ತಿದ್ದದ್ದು ಕರಡಿ ನೋಡಲು. ಕಾಡಿನ ಕಡೆಗೆ ಮುಖ ಮಾಡಿ ಗಾಜಿನ ಗೋಡೆಯ ಒಂದು ದೊಡ್ಡ ಹಾಲು. ಸಂಜೆ ಬೆಳಕು ಕಂದುವ ಮುಂಚೆ ಅತಿಥಿಗಳು ಅಲ್ಲಿ ಟೀ ಹಿಡಿದು ಕೂರುತ್ತಿದ್ದರು. ಎದುರಿಗೆ, ಕಲ್ಲೆಸೆತದ ದೂರದಲ್ಲಿ, ಒಂದು ಬಂಡೆ. ಬಂಡೆಯ ನಡುವೆ ಒಂದು ಗುಳಿ. ಸ್ವಲ್ಪ ಹೊತ್ತಿಗೆ ಕಾಡಿನಿಂದ ಕರಡಿ ಇಳಿದು ಬಂದು ಆ ಬಂಡೆಯ ಮೇಲೆ ಕೂರುತ್ತಿತ್ತು. ಹೋಟೆಲ್ ಧಣಿ ಎದ್ದು ನಿಂತು, ಎದೆಯ ಮೇಲೆ ಕೈಯಿಟ್ಟು, ಇದು ಪ್ರಕೃತಿ ನಮಗೆ ಕೊಟ್ಟ ಕೊಡುಗೆ, ನಾವು ಕರೆಯುವುದಿಲ್ಲ, ಅದಾಗಿಯೇ ಬರುತ್ತದೆ, ಈ ಬಂಡೆಗೂ ಅದಕ್ಕೂ ಏನೋ ನಂಟು ಎನ್ನುತ್ತಿದ್ದ. ಮಾತು ಬೆಣ್ಣೆಯಲ್ಲಿ ಅದ್ದಿ ತೆಗೆದ ಹಾಗಿರುತ್ತಿತ್ತು.

ನಂಟು ಇದ್ದದ್ದು ಬಂಡೆಗಲ್ಲ, ಬಕೆಟ್ಟಿಗೆ. ಅತಿಥಿಗಳು ಹಾಲಿಗೆ ಬರುವ ಮೊದಲೇ ಮುಸುರೆಯಕ್ಕ ಎರಡು ಬಕೆಟ್ಟು ಹೊತ್ತು ಹಿಂಬಾಗಿಲಿನಿಂದ ಬಂಡೆ ಹತ್ತಬೇಕು. ಗುಳಿ ತುಂಬಿಸಬೇಕು. ಬಂಡೆಯ ಸಂದುಗಳಿಗೆಲ್ಲ ಸಕ್ಕರೆ ಪಾಕ ಬಳಿಯಬೇಕು. ನೆಕ್ಕಲು ಹೊತ್ತು ಹಿಡಿದರೆ ಕರಡಿ ಹೆಚ್ಚು ಹೊತ್ತು ಕೂರುತ್ತದೆ, ಕೂತಷ್ಟೂ ಫೋಟೋ. ಆಮೇಲೆ ಖಾಲಿ ಬಕೆಟ್ಟಿನ ಬುಡಕ್ಕೆ ಕೈಯಿಂದ ಬಡಿದು, ಬಂಡೆಯ ಪಕ್ಕದ ಮೋಟು ಗೋಡೆಯ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಡಬೇಕು. ಫೋಟೋದಲ್ಲಿ ಅವಳ ತಲೆಯೂ ಕಾಣಬಾರದು. ಒಮ್ಮೆ ಕಾಲು ಜೋಮು ಹಿಡಿದು ಎದ್ದು ನಿಂತಳು. ಮ್ಯಾನೇಜರ್ ಮಾರನೆಯ ದಿನ ಎಲ್ಲರೆದುರು ಅವಳ ನೀರಿಳಿಸಿದ. ಕರಡಿ ನೋಡೋಕೆ ಬಂದವರು ನಿನ್ನನ್ನ ನೋಡಬೇಕಾ ಎಂದ. ಸಪ್ಲೈಯರುಗಳು ನಕ್ಕರು. ಅವಳು ಬಕೆಟ್ಟು ತೊಳೆಯುತ್ತಾ ನಿಂತಳು.

ಆದರೆ ಕರಡಿ ಅವಳನ್ನು ನೋಡುತ್ತಿತ್ತು. ಗೋಡೆಯ ಸಂದಿನಿಂದ ಅವಳೂ ನೋಡುತ್ತಿದ್ದಳು. ಅದು ಮೊದಲ ಸಲ ಬಂದಾಗ ಬೆನ್ನ ಮೇಲೆ ಮರಿ ಹೊತ್ತಿತ್ತು, ಅದಕ್ಕೆ ಅವಳು ಬಾಣಂತಿ ಎಂದು ಹೆಸರಿಟ್ಟಳು. ಎದೆಯ ಮೇಲೆ ಬಿಳಿ ಗೆರೆ. ಒಂದು ಕಿವಿಯ ತುದಿ ಇರಲಿಲ್ಲ. ಕೂರುವುದು ಮನೆಯ ಹಿರಿಯಳು ಊಟಕ್ಕೆ ಕೂತ ಹಾಗೆ, ಕಾಲು ಚಾಚಿ, ಹೊಟ್ಟೆ ಮುಂದಿಟ್ಟು, ಯಾರ ಹಂಗೂ ಇಲ್ಲದೆ. ಮರಿ ಗುಳಿಗೆ ಮೂತಿ ಹಾಕಿದರೆ ಒಂದು ಸಲ ಗದರಿಸುವುದು, ಆಮೇಲೆ ಒಳ್ಳೆಯ ಚೂರನ್ನೆಲ್ಲ ಅದರ ಕಡೆಗೇ ತಳ್ಳುವುದು. ಮುಸುರೆಯಕ್ಕನಿಗೆ ನಗು ಬರುತ್ತಿತ್ತು. ಇಡೀ ದಿನದಲ್ಲಿ ಅವಳು ನಗುತ್ತಿದ್ದ ಹೊತ್ತು ಅದೊಂದೇ. ಮೊದಮೊದಲು ಬಾಣಂತಿ ಬರುವ ದಾರಿಯಲ್ಲಿ ಹುತ್ತ ಕೆದಕಿ, ಮೂತಿ ತೂರಿಸಿ, ಉಸಿರು ಬಿಗಿಹಿಡಿದು ಗೆದ್ದಲು ಹೀರುತ್ತಿತ್ತು. ಆ ಸದ್ದು ಲೈನಿನ ತನಕ ಕೇಳುತ್ತಿತ್ತು. ಏನು ಬಲ, ಏನು ಹಟ. ಅದನ್ನು ನೋಡಿದರೆ ಸೋತ ತೋಳಿಗೂ ಶಕ್ತಿ ಬರುತ್ತಿತ್ತು.

ಬರುಬರುತ್ತಾ ಅದೆಲ್ಲ ನಿಂತಿತು. ಹುತ್ತಗಳು ಹಾಗೇ ಬೆಳೆದವು. ಬಕೆಟ್ಟಿನ ಸದ್ದು ಕೇಳುವ ಮೊದಲೇ ಕರಡಿ ಬಂಡೆಯ ಹಿಂದೆ ಬಂದು ಕಾಯತೊಡಗಿತು. ಮೈ ಊದಿತು, ಕೂದಲು ಉದುರಿ ಸೊಂಟದ ಹತ್ತಿರ ಚರ್ಮ ಕಂಡಿತು. ಬಾಯಿ ತೆರೆದರೆ ಕರಿಹಲ್ಲು. ಮೂಳೆ ಕಡಿಯುವಾಗ ಒಂದು ಪಕ್ಕದಲ್ಲೇ ಕಡಿಯುತ್ತಿತ್ತು, ನೋವಾದರೆ ತಲೆ ಕೊಡವುತ್ತಿತ್ತು. ಮರಿಗಂತೂ ಹುತ್ತ ಏನೆಂದೇ ಗೊತ್ತಿರಲಿಲ್ಲ. ಮುಸುರೆಯಕ್ಕ ಧೈರ್ಯ ಮಾಡಿ ಮ್ಯಾನೇಜರನಿಗೆ, ಪಾಕ ಬೇಡ ಸಾರ್, ಅದರ ಹಲ್ಲು ಹೋಗ್ತಿದೆ ಎಂದಳು. ಓಹೋ, ಕರಡಿಗೆ ಡಾಕ್ಟರಮ್ಮ ಬಂದಿದ್ದಾರೆ ಎಂದು ಅವನು ಆಡಿಕೊಂಡ. ಅಂದಿನಿಂದ ಅಡುಗೆಮನೆಯಲ್ಲಿ ಡಾಕ್ಟರಮ್ಮ, ಈ ಬಕೆಟ್ಟು ಎತ್ತಿ, ಡಾಕ್ಟರಮ್ಮ, ಆ ಬಕೆಟ್ಟು ಎತ್ತಿ.

ತಂಗಿ ಅದೇ ಹೋಟೆಲ್ಲಿನಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದಳು. ಇಬ್ಬರಿಗೂ ಮದುವೆ ಎನ್ನುವುದು ಕೂಡಿಬರಲಿಲ್ಲ. ಒಂದೇ ಕೋಣೆ, ಒಂದೇ ಒಲೆ. ತಂಗಿಗೆ ಬಾಯಿ ಜಾಸ್ತಿ. ಯಾವ ಅತಿಥಿ ಯಾವ ಹೆಂಗಸಿನ ಜೊತೆ ಬಂದ, ಯಾರ ಹಾಸಿಗೆ ಎಷ್ಟು ಸುಕ್ಕು, ಎಲ್ಲ ನಕಲು ಮಾಡಿ ತೋರಿಸಿ ಲೈನಿನವರನ್ನೆಲ್ಲ ಹೊಟ್ಟೆ ಹುಣ್ಣಾಗುವ ಹಾಗೆ ನಗಿಸುತ್ತಿದ್ದಳು. ಧಣಿ ಎದೆಯ ಮೇಲೆ ಕೈಯಿಟ್ಟು ಪ್ರಕೃತಿ ಎನ್ನುವುದನ್ನು ಅವಳಂತೆ ಯಾರೂ ಮಾಡಲಾರರು.

ಆ ಸಂಜೆ ಹೋಟೆಲ್ಲಿನಲ್ಲಿ ದೊಡ್ಡ ಪಾರ್ಟಿ. ಮುಸುರೆಯಕ್ಕನನ್ನು ಪಾತ್ರೆಗೆ ನಿಲ್ಲಿಸಿಕೊಂಡರು. ಈ ಹೊತ್ತು ಬಂಡೆಯ ಕೆಲಸ ಬೇಡ, ಬಂದವರಿಗೆ ಕುಣಿತ ಇದೆ ಎಂದರು. ತಂಗಿ ಒಗೆತ ಮುಗಿಸಿ, ಒದ್ದೆ ಮೈಯಲ್ಲಿ ನಡುಗುತ್ತಾ ಮನೆಗೆ ಹೊರಟಳು. ಹೊರಗೆ ಜಡಿಮಳೆ, ಚಳಿಗಾಳಿ. ಅಕ್ಕನೇ ಮೊಳೆಯಿಂದ ಕೋಟು ತೆಗೆದು ತಂಗಿಯ ಮೈಗೆ ಹೊದಿಸಿ ಗುಂಡಿ ಹಾಕಿದಳು. ನಾತ ಎಂದು ತಂಗಿ ಮೂಗು ಮುರಿದಳು. ನಾತ ಚಳಿಗಿಂತ ವಾಸಿ ಎಂದು ಅಕ್ಕ ತಳ್ಳಿ ಕಳಿಸಿದಳು. ಲೈನಿನವರು ಯಾರಾದರೂ ಅದನ್ನೇ ಮಾಡುತ್ತಿದ್ದರು. ಬೇರೆ ಕೋಟು ಯಾರ ಮನೆಯಲ್ಲಿತ್ತು?

ಬಾಣಂತಿ ಬಂಡೆಯ ಹತ್ತಿರ ಕಾದಿತ್ತು. ಗುಳಿ ಖಾಲಿ. ಕೆಳಗಿನ ದಾರಿಯಲ್ಲಿ ಕೋಟು ಹೋಗುತ್ತಿತ್ತು.

ಲೈನಿನವರು ಕಿರುಚಾಟ ಕೇಳಿ ತಗಡು ಬಡಿಯುತ್ತಾ ಓಡಿಬಂದಾಗ ಕರಡಿ ಹೋಗಿಯಾಗಿತ್ತು. ತಂಗಿಯ ಎಡಗಣ್ಣು ಇರಲಿಲ್ಲ. ಕೆನ್ನೆ ಕೆಳಗೆ ಜೋತಿತ್ತು. ಹಾಸಿಗೆ ಬಟ್ಟೆ ಸಾಗಿಸುವ ವ್ಯಾನಿನಲ್ಲಿ, ಹಾಸಿಗೆ ಬಟ್ಟೆಯ ಮೇಲೇ ಮಲಗಿಸಿ ಆಸ್ಪತ್ರೆಗೆ ಒಯ್ದರು. ಆ ಬಟ್ಟೆಗೆ ರಕ್ತ ಹತ್ತಿತೆಂದು ಮ್ಯಾನೇಜರ್ ಆಮೇಲೆ ಗೊಣಗಿದ್ದು ಮುಸುರೆಯಕ್ಕನ ಕಿವಿಗೂ ಬಿತ್ತು. ಆಸ್ಪತ್ರೆಯವರು ಹೊಲಿದು ಕಳಿಸಿದರು. ಕಣ್ಣು ಮುಗಿದ ಮಾತು, ಕೆನ್ನೆಗೆ ಮತ್ತು ದವಡೆಗೆ ದೊಡ್ಡ ಊರಿನಲ್ಲಿ ಇನ್ನೊಂದು ಆಪರೇಷನ್ ಆಗಬೇಕು, ಇಲ್ಲದಿದ್ದರೆ ಬಾಯಿ ಪೂರ್ತಿ ತೆರೆಯುವುದಿಲ್ಲ ಎಂದರು. ತಂಗಿ ಗಂಜಿ ಕುಡಿಯುವಾಗ ಅರ್ಧ ಕತ್ತಿನ ಮೇಲೆ ಇಳಿಯುತ್ತಿತ್ತು. ಲೈನಿನಲ್ಲಿ ನಗು ನಿಂತಿತು.

ಧಣಿ ಅತಿಥಿಗಳಿಗೆ ಹೇಳಿದ್ದು ಬೇರೆ. ಲೈನಿನ ಜನ ಮನೆ ಮುಂದೆ ಕಸ ಚೆಲ್ಲುತ್ತಾರೆ, ಅದಕ್ಕೆ ಕರಡಿ ಬರುತ್ತದೆ, ಎಷ್ಟು ಹೇಳಿದರೂ ಆ ಜನಕ್ಕೆ ಬುದ್ಧಿ ಬರುವುದಿಲ್ಲ ಎಂದ. ವಿಚಾರಣೆಗೆ ಬಂದ ಅರಣ್ಯಾಧಿಕಾರಿಯ ಮುಂದೆಯೂ ಅದನ್ನೇ ಹೇಳಿ ಇಡೀ ಗೂಬೆಯನ್ನು ಲೈನಿನವರ ತಲೆಯ ಮೇಲೆ ಕೂರಿಸಿದ. ಹೆಂಗಸರನ್ನೆಲ್ಲ ಬಾಗಿಲ ಮುಂದೆ ಸಾಲಾಗಿ ನಿಲ್ಲಿಸಿ, ಅವರ ಕಸದ ಡಬ್ಬಿಗಳನ್ನು ಅವರ ಕೈಯಿಂದಲೇ ಬೋರಲು ಹಾಕಿಸಿ ನೋಡಿದರು. ಒಂದು ಡಬ್ಬಿಯಲ್ಲಿ ಈರುಳ್ಳಿ ಸಿಪ್ಪೆ. ಇನ್ನೊಂದರಲ್ಲಿ ಬೂದಿ. ಕರಡಿಗೆ ಚೆಲ್ಲುವಷ್ಟು ಊಟ ಆ ಮನೆಗಳಲ್ಲಿ ಎಂದೂ ಮಿಕ್ಕಿರಲಿಲ್ಲ. ಅಧಿಕಾರಿ ಆಕಳಿಸಿದ. ಕರಡಿ ಮನುಷ್ಯರ ಮೇಲೆ ಬಿದ್ದಿದೆ, ಹಿಡಿಯಲೇಬೇಕು ಎಂದ. ಧಣಿ ಕೂಡಲೇ ಮುಂದೆ ಬಂದು, ಹಿಡಿದರೆ ನಾವೇ ಸಾಕುತ್ತೇವೆ, ಲೈನ್ ಮನೆಗಳನ್ನು ಕೆಡವಿ ಅಲ್ಲಿ ದೊಡ್ಡ ಬೋನು ಕಟ್ಟಿಸುತ್ತೇವೆ, ತಾಯಿ ಮರಿ ಎರಡೂ ಹಾಯಾಗಿರಲಿ ಎಂದ. ಬರುತ್ತದೋ ಇಲ್ಲವೋ ಎನ್ನುವ ಕರಡಿಗಿಂತ, ಸದಾ ಕಾಣುವ ಕರಡಿ ವಾಸಿಯಲ್ಲವೇ ವ್ಯಾಪಾರಕ್ಕೆ.

ಆದರೆ ಬೋನಿಗೆ ಕರಡಿಯನ್ನು ಕರೆಯುವವರು ಯಾರು? ಕಬ್ಬಿಣದ ಬೋನು ತಂದು, ಬಂಡೆಯ ಪಕ್ಕದಲ್ಲಿ ಸೊಪ್ಪು ಹೊದಿಸಿ ಇಟ್ಟರು. ಮಾಂಸ ಕಟ್ಟಿದರು, ಜೇನು ಸುರಿದರು. ಬಾಣಂತಿ ಹತ್ತಿರ ಸುಳಿಯಲಿಲ್ಲ. ಆಗ ಮ್ಯಾನೇಜರ್ ಲೈನಿಗೆ ಇಳಿದು ಬಂದ. ಬಾಗಿಲ ಹೊರಗೇ ನಿಂತು, ಅದು ನಿನ್ನ ಬಕೆಟ್ಟಿಗೆ ಮಾತ್ರ ಬರೋದು ಅಂತ ನಮಗೂ ಗೊತ್ತು ನಿನಗೂ ಗೊತ್ತು ಎಂದ. ನಾಳೆ ಸಂಜೆ ಬೋನಿನ ಬಾಯಲ್ಲಿ ನಿಂತು ಬಡಿ. ಒಳಗೆ ಸುರಿದು ಪಕ್ಕಕ್ಕೆ ಸರಿ. ನಿನ್ನ ತಂಗಿಯ ಆಪರೇಷನ್ ಧಣಿ ಮಾಡಿಸ್ತಾರೆ. ಬಾಯಿ ಮಾತ್ರ ಬಿಡಬಾರದು.

ಅವಳು ಒಪ್ಪಿದಳು. ತಂಗಿಯ ಆಪರೇಷನ್ನಿಗೆ ಮಾತ್ರ ಒಪ್ಪಿದಳು ಎಂದರೆ ಸುಳ್ಳಾಗುತ್ತದೆ. ಅವಳಿಗೆ ಕರಡಿಯ ಮೇಲೆ ಸೇಡು ಬೇಕಿತ್ತು. ನನ್ನ ಕೈಯಿಂದಲೇ ತಿಂದಿತು, ನನ್ನ ತಂಗಿಯ ಮುಖವನ್ನೇ ತಿಂದಿತು. ಅದು ಬೋನಿನಲ್ಲಿ ಕೊಳೆಯಬೇಕು. ಕಂಬಿಗೆ ಹಣೆ ಚಚ್ಚಿಕೊಳ್ಳುವುದನ್ನು ನಾನು ಎದುರಿಗೆ ನಿಂತು ನೋಡಬೇಕು. ಒಲೆಯ ಮುಂದೆ ಕೂತು ಅವಳು ಇದನ್ನೇ ತಿರುತಿರುಗಿ ಬೇಯಿಸಿದಳು.

ಮಾರನೆಯ ಬೆಳಿಗ್ಗೆ ತಂಗಿಗೆ ವಿಷಯ ಹೇಳಿದಳು. ನಿನ್ನನ್ನ ಹೀಗೆ ಮಾಡಿದ್ದಕ್ಕೆ ಇವತ್ತು ಅದರ ಸೊಕ್ಕು ಮುರಿಯುತ್ತೇನೆ ಎಂದಳು. ತಂಗಿ ಗೋಡೆಗೆ ಒರಗಿ ಕೂತಿದ್ದಳು. ಆ ಸಂಜೆ ಏನಾಯಿತೆಂದು ಅಲ್ಲಿಯತನಕ ಅಕ್ಕ ಕೇಳಿರಲಿಲ್ಲ, ಕೇಳುವ ಎದೆ ಇರಲಿಲ್ಲ. ತಂಗಿ ಬಾಯಿಯ ಬಲ ಮೂಲೆಯಿಂದ, ಒಂದೊಂದೇ ಮಾತನ್ನು ಹೊರಗೆ ತಳ್ಳಿದಳು.

"ಅದು ಕಚ್ಚೋಕೆ ಬರಲಿಲ್ಲ ಅಕ್ಕ. ಹಿಂದಿನಿಂದ ಬಂದು ಕೋಟು ಮೂಸ್ತು. ತೋಳು ನೆಕ್ತು. ನಾನು ಅಂದ್ರೆ ನೀನು ಅಂದ್ಕೊಂಡಿತ್ತು. ನಾನೇ ಕಿರುಚಿದೆ, ಮರಿಯನ್ನ ಒದ್ದೆ. ಆಮೇಲೆ ಹೊಡೀತು."

ಮುಸುರೆಯಕ್ಕ ಒಲೆಯ ಬೂದಿ ಕೆದಕಿದಳು.

"ಕರೆದು ಕರೆದು ಅಭ್ಯಾಸ ಮಾಡಿಸಿದೋರು ಯಾರು? ಅವರಿಗೇನೂ ಇಲ್ವಾ? ಅದನ್ನೇ ಹಿಡಿದು ಕೊಡ್ತೀಯಾ?"

ಅಕ್ಕನಿಗೆ ಸಿಟ್ಟು ಬಂತು. ಬಾಯಿ ಮುಚ್ಚು, ನಿನ್ನ ದವಡೆ ನೆಟ್ಟಗಾಗೋದು ಬೇಡವಾ ಎಂದು ಗದರಿಸಿ, ತಲೆಬಾಗಿಲು ದಾಟಿ ಹೊರಟುಬಿಟ್ಟಳು. ದಾರಿಯುದ್ದಕ್ಕೂ ಆ ಮಾತು ಮುಳ್ಳಿನ ಹಾಗೆ ಚುಚ್ಚುತ್ತಲೇ ಇತ್ತು. ದಿನವಿಡೀ ಪಾತ್ರೆ ಉಜ್ಜಿದಳು. ತಳ ಹತ್ತಿದ ಪಾತ್ರೆಯನ್ನು ಕೈ ಸುಲಿಯುವಷ್ಟು ಉಜ್ಜಿದಳು. ಬೋನಿಗೆ ಕರೆಯಬೇಕೋ ಬೇಡವೋ, ಒಂದು ಗಳಿಗೆ ಹೌದು, ಒಂದು ಗಳಿಗೆ ಇಲ್ಲ. ಕೊನೆಗೆ ತಂಗಿಯ ದವಡೆಯೇ ಗೆದ್ದಿತು.

ಸಂಜೆ ಹೊಸ ಕೋಟು ಕೊಟ್ಟರು. ಅದನ್ನೂ ಮುಸುರೆಯಲ್ಲಿ ಅದ್ದಿ ಕೊಟ್ಟರು. ಒಂದು ಬಕೆಟ್ಟು ಕಂಠಮಟ್ಟ ತುಂಬಿತ್ತು. ಅತಿಥಿಗಳು ಆ ದಿನ ಜಾಸ್ತಿ. ಕರಡಿ ಹಿಡಿಯುವುದನ್ನು ನೋಡಲೆಂದೇ ಕರೆಸಿದ್ದರು. ಅಧಿಕಾರಿ ಹಾಲಿನ ಮುಂದಿನ ಸಾಲಿನಲ್ಲಿ ಕೂತಿದ್ದ. ಮದ್ದಿನ ಸೂಜಿ ಹಾರಿಸುವ ಬಂದೂಕಿನವನು ಬೋನಿನ ಆಚೆ ಮರದ ಮರೆಯಲ್ಲಿದ್ದ. ಮುಸುರೆಯಕ್ಕ ಅದನ್ನು ಬೋನಿನ ಬಾಯಲ್ಲಿಟ್ಟಳು. ಇನ್ನೊಂದು ಹಳೆಯ ಖಾಲಿ ಬಕೆಟ್ಟನ್ನು ಬೋರಲು ಹಾಕಿ ಬಡಿದಳು.

ಬಾಣಂತಿ ಬಂತು. ಇಷ್ಟು ದಿನ ಜೇನಿಗೂ ಬಾರದ್ದು ಅವಳ ಕೈಯ ಸದ್ದಿಗೆ ಬಂತು. ಹಿಂದೆ ಮರಿ. ಪೊದೆಯ ಅಂಚಿನಲ್ಲಿ ನಿಂತು ಗಾಳಿ ಮೂಸಿತು. ಸೊಂಟದ ಚರ್ಮ ಬೋಳಾಗಿತ್ತು. ಯಾರೋ ಎಸೆದ ಕಲ್ಲೋ ಏನೋ, ಒಂದು ಮುಂಗಾಲನ್ನು ಊರದೆ ಎತ್ತಿ ಹಿಡಿದಿತ್ತು. ಅವಳನ್ನು ಕಂಡು ಗಂಟಲಲ್ಲಿ ಸಣ್ಣಗೆ ಗುರುಗುಟ್ಟಿತು. ಆ ಸದ್ದು ಅವಳಿಗೆ ಗೊತ್ತಿತ್ತು. ಬಂದೆಯಾ ಎನ್ನುವ ಸದ್ದು ಅದು.

ಆಗ ಅವಳ ಕಣ್ಣು ಗಾಜಿನ ಹಾಲಿನ ಕಡೆಗೆ ಹೋಯಿತು.

ಒಳಗೆ ದೀಪ ಹಾಕಿದ್ದರು. ಎಲ್ಲ ಸ್ಪಷ್ಟ ಕಾಣುತ್ತಿತ್ತು. ನಡುವೆ ಒಂದು ಕುರ್ಚಿ. ಕುರ್ಚಿಯಲ್ಲಿ ತಂಗಿ. ವಿಚಾರಣೆಗೆ ಎಂದು ಹೇಳಿ ಲೈನಿನಿಂದ ಎಬ್ಬಿಸಿಕೊಂಡು ಬಂದಿದ್ದರು. ತಂಗಿ ಮುಖಕ್ಕೆ ಬಟ್ಟೆ ಸುತ್ತಿ, ತಲೆ ತಗ್ಗಿಸಿ ಕೂತಿದ್ದಳು. ಧಣಿ ಅವಳ ಪಕ್ಕದಲ್ಲಿ ನಿಂತು ಎದೆಯ ಮೇಲೆ ಕೈಯಿಟ್ಟು ಏನೋ ಹೇಳುತ್ತಿದ್ದ. ಆಮೇಲೆ ಬಾಗಿ, ಎರಡು ಬೆರಳಿನಿಂದ, ಕೊಳಕು ಮುಟ್ಟಿದವನ ಹಾಗೆ, ತಂಗಿಯ ಮುಖದ ಬಟ್ಟೆ ಸರಿಸಿದ.

ಅತಿಥಿಗಳು ಎದ್ದು ನಿಂತರು. ಬಾಣಂತಿ ಬಂಡೆಯ ಮೇಲೆ ಬಂದಾಗ ಹೇಗೆ ಕತ್ತು ಚಾಚುತ್ತಿದ್ದರೋ ಹಾಗೇ ಚಾಚಿದರು. ಒಬ್ಬ ಫೋನು ಎತ್ತಿ ಹಿಡಿದ. ಒಬ್ಬಳು ಬಾಯಿಗೆ ಕೈ ಅಡ್ಡ ಇಟ್ಟಳು, ಬೆರಳ ಸಂದಿನಿಂದ ನೋಡಿದಳು. ತಂಗಿಯ ಕೈ ಬಟ್ಟೆಗಾಗಿ ತಡಕಾಡಿತು. ಧಣಿ ಆ ಕೈಯನ್ನು ಮೆಲ್ಲಗೆ ಒತ್ತಿ ಕೆಳಗಿಟ್ಟ.

ಮುಸುರೆಯಕ್ಕ ಇಷ್ಟು ದಿನ ಯಾರ ಮೇಲೋ ಹಲ್ಲು ಕಡಿದಿದ್ದಳು. ಕಡಿಯಬೇಕಾದವನು ದೀಪದ ಕೆಳಗೆ ನಿಂತಿದ್ದ.

ಅವಳು ಬೋನಿನ ಬಾಯಿಂದ ತುಂಬಿದ ಬಕೆಟ್ಟು ಎತ್ತಿದಳು. ಬಂದೂಕಿನವನು ಮರದ ಮರೆಯಿಂದ ಏಯ್, ಏಯ್ ಎಂದು ಪಿಸುಗುಟ್ಟಿದ. ಅವಳು ತಿರುಗಲಿಲ್ಲ. ನೇರ ಗಾಜಿನ ಹಾಲಿನ ಕಡೆಗೆ ನಡೆದಳು. ಬಾಣಂತಿ ಬೋನಿನ ಕಡೆ ಕಣ್ಣೆತ್ತಿಯೂ ನೋಡದೆ ಬಕೆಟ್ಟಿನ ಹಿಂದೆ ಬಂತು. ಮರಿ ಅದರ ಹಿಂದೆ. ಮೂವರೂ ಹುಲ್ಲುಹಾಸಿನ ಮೇಲೆ ಒಂದೇ ಮನೆಯವರಂತೆ ನಡೆದರು. ಗುರಿಯ ನೇರಕ್ಕೇ ಅವಳೂ ಗಾಜಿನ ಹಿಂದಿನ ಅತಿಥಿಗಳೂ ಇದ್ದದ್ದರಿಂದ ಬಂದೂಕಿನವನು ಸೂಜಿ ಹಾರಿಸಲಿಲ್ಲ. ಕಾಡಿನ ಕಡೆಯ ಗಾಜಿನ ಬಾಗಿಲು ಅತಿಥಿಗಳಿಗೆ ಮಾತ್ರ. ಅವಳು ಅದನ್ನು ಭುಜದಿಂದ ತಳ್ಳಿ ಒಳಗೆ ಹೋಗಿ, ಕಾಲಿನಿಂದ ಹಿಂದಕ್ಕೆ ಮುಚ್ಚಿದಳು. ಮುಸುರೆ ಕೋಟು ಹಾಕಿಕೊಂಡು ಆ ಹಾಲಿನೊಳಗೆ ಯಾರೂ ಕಾಲಿಟ್ಟಿರಲಿಲ್ಲ. ಸೆಂಟಿನ ವಾಸನೆಯೆಲ್ಲ ಒಂದೇ ಏಟಿಗೆ ಸತ್ತಿತು.

ಮ್ಯಾನೇಜರ್ ಓಡಿಬಂದ. ಅವಳ ಹಿಂದೆ ಗಾಜಿಗೆ ಮೂತಿ ಒತ್ತಿದ್ದ ಕರಡಿಯನ್ನು ಕಂಡು ಬಂದ ವೇಗದಲ್ಲೇ ಹಿಂದೆ ಹೋದ. ಅವಳು ಧಣಿಯ ಹತ್ತಿರ ಬಂದು ಎರಡೂ ಕೈಯಿಂದ ಬಕೆಟ್ಟು ಎತ್ತಿದಳು. ತಗ್ಗಿದ ಭುಜಕ್ಕೂ ಎತ್ತುವುದೇನೂ ಹೊಸದಲ್ಲ. ತಲೆಯ ಮೇಲೆ ಸುರಿದಳು. ನಿಧಾನವಾಗಿ, ಕೊನೆಯ ಹನಿಯ ತನಕ ಸುರಿದಳು. ಕೊಬ್ಬು ಅವನ ಕಿವಿಯ ಮೇಲೆ ಕೂತಿತು. ಪಾಕ ಅವನ ಸೂಟಿನೊಳಗೆ ಇಳಿಯಿತು. ಯಾರೋ ಕಚ್ಚಿ ಬಿಟ್ಟ ಕೋಳಿಯ ಕಾಲು ಅವನ ಜೇಬಿನಲ್ಲಿ ನಿಂತುಕೊಂಡಿತು.

ಅವನ ಕತ್ತುಪಟ್ಟಿ ಹಿಡಿದು ಬಾಗಿಲಿನ ಹತ್ತಿರಕ್ಕೆ ಎಳೆದಳು. ಧಣಿಯ ಮೈ ಮೆತ್ತಗಿತ್ತು, ಬಕೆಟ್ಟಿಗಿಂತ ಹಗುರ ಎನ್ನಿಸಿತು. ಗಾಜಿನ ಆಚೆ ಬಾಣಂತಿ ಎರಡು ಕಾಲಿನ ಮೇಲೆ ಎದ್ದು ನಿಂತಿತು. ಅದರ ಉಸಿರು ಗಾಜಿಗೆ ಮಂಜಾಗಿ ಕೂರುತ್ತಿತ್ತು. ನಾಲಿಗೆ ಅವನ ಮುಖದ ಎತ್ತರಕ್ಕೆ ಗಾಜನ್ನು ನೆಕ್ಕಿತು. ಅವಳು ಚಿಲಕದ ಮೇಲೆ ಕೈಯಿಟ್ಟಳು. ಹುಟ್ಟಿದಾಗಿನಿಂದ ಯಾವ ದೊಡ್ಡವರಿಗೂ ಆಡದ ಏಕವಚನ ತಾನಾಗಿಯೇ ಬಾಯಿಗೆ ಬಂತು.

"ಹೋಗು. ಈ ಮೈಯಲ್ಲಿ ಲೈನಿನ ತನಕ ನಡಕೊಂಡು ಹೋಗು. ನನ್ನ ತಂಗಿ ಹೋದಳಲ್ಲ, ಹಾಗೆ."

ಧಣಿ ಬಾಗಿಲಿಗೆ ಒರಗಿ ಕೆಳಗೆ ಜಾರಿದ. ಬೇಡ, ಬೇಡ ಎಂದ. ಪ್ಯಾಂಟಿನ ಮುಂಭಾಗ ಒದ್ದೆಯಾಯಿತು, ಅದು ಮುಸುರೆಯ ಒದ್ದೆಯಲ್ಲ. ಅಧಿಕಾರಿ ಎದ್ದು, ಬಾಗಿಲು ತೆಗೀಬೇಡಮ್ಮ, ಏನಿದ್ರೂ ಮಾತಾಡೋಣ ಎಂದ. ಅವಳು ಅವನ ಕಡೆ ನೋಡಲಿಲ್ಲ.

"ಅದನ್ನ ಇಲ್ಲಿಗೆ ಕರೆದೋರು ಯಾರು? ಎಲ್ಲರಿಗೂ ಕೇಳೋ ಹಾಗೆ ಹೇಳು."

ಚಿಲಕ ಟಕ್ ಎಂದಿತು. ಅಷ್ಟೇ ಸಾಕಾಯಿತು.

"ನಾವೇ," ಎಂದ. "ನಾವೇ ಹಾಕಿಸ್ತಿದ್ವಿ. ದಿನಾ ಹಾಕಿಸ್ತಿದ್ವಿ."

ಕುರ್ಚಿಯಿಂದ ಒಂದು ಸದ್ದು ಬಂತು. ತಂಗಿ ನಗುತ್ತಿದ್ದಳು. ಬಾಯಿಯ ಬಲ ಮೂಲೆಯಿಂದ, ಹೊಲಿಗೆ ಎಳೆಯುವ ನೋವಿಗೆ ಕಣ್ಣಲ್ಲಿ ನೀರು ಬರುತ್ತಿದ್ದರೂ ನಗುತ್ತಿದ್ದಳು. ಮುಖದ ಬಟ್ಟೆ ನೆಲದ ಮೇಲೆ ಬಿದ್ದಿತ್ತು. ಅದನ್ನು ಎತ್ತಿಕೊಳ್ಳುವ ಗೋಜಿಗೆ ಅವಳು ಹೋಗಲಿಲ್ಲ.

ಬಾಗಿಲು ತೆಗೆದುಬಿಡಬೇಕು ಎಂದು ಮುಸುರೆಯಕ್ಕನಿಗೆ ನಿಜವಾಗಿಯೂ ಅನ್ನಿಸಿತು. ಅದರಲ್ಲಿ ಸುಳ್ಳಿಲ್ಲ. ಬೆರಳು ಚಿಲಕದ ಮೇಲೇ ಇತ್ತು. ಹೊರಗೆ ಮರಿ ತಾಯಿಯ ಕಾಲಿಗೆ ಮೈ ಉಜ್ಜುತ್ತಾ ಕುಂಯ್‌ಗುಟ್ಟುತ್ತಿತ್ತು. ಬಂದೂಕಿನವನು ಮರದ ಮರೆಯಿಂದ ಹೊರಬಂದು, ಪಕ್ಕದಿಂದ ಬಾಗಿ ಬಾಗಿ ಬರುತ್ತಿದ್ದ. ಈ ಮನುಷ್ಯನ ಮೇಲೆ ಕರಡಿ ಕೈಮಾಡಿದರೆ ಮೊದಲು ಸಾಯುವುದು ಕರಡಿ. ಇವನಿಗೆ ಅಷ್ಟು ಬೆಲೆ ತೆರಬೇಕೇ? ಅವಳು ಚಿಲಕ ಬಿಟ್ಟಳು. ತಂಗಿಯ ಕೈ ಹಿಡಿದು, ಅಡುಗೆಮನೆಯ ಒಳಗಿಂದಲೇ ಹಾದು, ಕೋಟನ್ನು ಅದರ ನಡುವೆ ನೆಲದ ಮೇಲೆ ಕಳಚಿ ಎಸೆದು ಹೊರಗೆ ಬಂದಳು.

ತಂಗಿಯನ್ನು ಹಿಂಬಾಗಿಲಲ್ಲೇ ನಿಲ್ಲಿಸಿ, ಹುಲ್ಲುಹಾಸಿನ ಅಂಚಿಗೆ ಜೋಡಿಸಿದ್ದ ಬಿಳಿ ಕಲ್ಲುಗಳನ್ನು ಮಡಿಲ ತುಂಬ ಆರಿಸಿಕೊಂಡಳು. ಬಾಣಂತಿ ಸದ್ದಿಗೆ ತಿರುಗಿತು. ಗಂಟಲಲ್ಲಿ ಮತ್ತೆ ಅದೇ ಗುರುಗುಟ್ಟು. ಎರಡು ಹೆಜ್ಜೆ ಅವಳ ಕಡೆಗೇ ಬಂತು.

ಅವಳು ಮೊದಲ ಕಲ್ಲು ಬೀಸಿದಳು. ಹೆಗಲಿಗೆ ತಗುಲಿತು. ಕರಡಿ ಕಲ್ಲನ್ನು ಮೂಸಿತು, ತಿನ್ನುವ ವಸ್ತುವೇನೋ ಎಂದು. ಆಮೇಲೆ ಅವಳ ಮುಖ ನೋಡಿತು. ಅವಳು ಬಾಯಿಗೆ ಬಂದ ಹಾಗೆ ಬೈಯುತ್ತಾ ಇನ್ನೊಂದು ಬೀಸಿದಳು, ಮೂತಿಗೇ ಬೀಸಿದಳು. ಹೋಗೇ, ನಿನ್ನ ಮನೆ ಹಾಳಾಗ, ಹೋಗೇ. ಮರಿಗೂ ಒಂದು ಬಿತ್ತು. ಮರಿ ಅರಚಿತು. ಆಗ ಬಾಣಂತಿ ಹಲ್ಲು ಕಿರಿದು ಗರ್ಜಿಸಿತು, ಆ ಕರಿಹಲ್ಲುಗಳನ್ನೆಲ್ಲ ತೋರಿಸಿ ಗರ್ಜಿಸಿತು. ಹಾಗೆ ಅವಳ ಮೇಲೆ ಅದು ಎಂದೂ ಗರ್ಜಿಸಿರಲಿಲ್ಲ. ಹಾಗೇ ಇರು ಎಂದುಕೊಂಡಳು ಅವಳು, ಯಾರನ್ನು ಕಂಡರೂ ಹಾಗೇ ಇರು. ಮತ್ತೆ ಕಲ್ಲೆತ್ತಿದಳು. ಕರಡಿ ಮರಿಯನ್ನು ಮುಂದೆ ಹಾಕಿಕೊಂಡು ಪೊದೆಯೊಳಗೆ ನುಗ್ಗಿತು. ಬಂದೂಕಿನವನ ಸೂಜಿ ಬರೀ ಎಲೆಗೆ ಹೋಗಿ ಚುಚ್ಚಿಕೊಂಡಿತು.

ಅಧಿಕಾರಿ ಖಾಲಿ ಬೋನನ್ನು ಲಾರಿಗೆ ಹೇರಿಸಿಕೊಂಡು ಹೋದ. ಧಣಿಯೇ ಎಲ್ಲರೆದುರು ಬಾಯಿ ಬಿಟ್ಟ ಮೇಲೆ ಹೋಟೆಲ್ಲಿನವರ ಕೈಗೆ ಕರಡಿ ಕೊಡುವುದು ಅವನಿಗೂ ಕಷ್ಟವಾಯಿತು. ಧಣಿಯ ಮೇಲೆ ಕೇಸು ಹಾಕುತ್ತೇನೆ ಎಂದ. ಹಾಕಿದನೋ, ಟೀ ಕುಡಿದು ಕೈತೊಳೆದುಕೊಂಡನೋ, ಲೈನಿಗೆ ಸುದ್ದಿ ಬರಲಿಲ್ಲ. ಬಂದದ್ದು ಅಕ್ಕತಂಗಿಯರ ಕೆಲಸ ಹೋಯಿತು ಎನ್ನುವ ಸುದ್ದಿ. ಕೋಣೆ ಬಿಡಿ ಎಂದೂ ಹೇಳಿ ಕಳಿಸಿದರು. ಲೈನಿನ ಹೆಂಗಸರು ಆ ಕೋಣೆಯ ಬಾಗಿಲಿಗೆ ಅಡ್ಡ ಕೂತು ಸೊಪ್ಪು ಬಿಡಿಸತೊಡಗಿದರು. ಬಂದವರು ಹಾಗೇ ಹಿಂದೆ ಹೋದರು. ಆಪರೇಷನ್ ಮಾತಂತೂ ನೀರಿಗೆ ಬಿತ್ತು. ತಂಗಿ ಒಂದು ಸಲವೂ ಅದರ ಸುದ್ದಿ ಎತ್ತಲಿಲ್ಲ. ಬಾಯಿಯ ಅರ್ಧದಿಂದಲೇ ಧಣಿ ಕೆಳಗೆ ಜಾರಿದ್ದನ್ನು ನಕಲು ಮಾಡಿ ತೋರಿಸುತ್ತಿದ್ದಳು, ಲೈನಿನವರು ಬಿದ್ದು ಬಿದ್ದು ನಗುತ್ತಿದ್ದರು.

ಧಣಿ ಸುಮ್ಮನಿರುವವರ ಪೈಕಿಯಲ್ಲ. ಅತಿಥಿಗಳು ಹೊಸಬರು ಬಂದರು, ಕರಡಿ ಎಲ್ಲಿ ಎಂದರು. ಮ್ಯಾನೇಜರ್ ಲೈನಿಗೆ ಇಳಿದು, ಮನೆ ಮನೆಗೆ ಹೋಗಿ, ಬಕೆಟ್ಟು ಯಾರು ಎತ್ತುತ್ತೀರಿ ಎಂದು ಕೇಳಿದ. ಪಾತ್ರೆಯವಳು ನನ್ನ ಸೊಂಟ ಹಿಡಿದಿದೆ ಎಂದಳು. ಕಕ್ಕಸಿನವನು, ನನಗೆ ಅಷ್ಟು ಕೊಳಕು ಕೆಲಸ ಆಗೋದಿಲ್ಲ ಸಾರ್ ಎಂದ. ಮುಸುರೆಯಕ್ಕನ ಬಾಗಿಲಿಗೂ ಬಂದ. ಧಣಿ ಎಲ್ಲ ಮರೆಯುತ್ತಾರಂತೆ, ಬಾ ಎಂದ. ಅವಳು ಬಾಗಿಲಲ್ಲೇ ಕ್ಯಾಕರಿಸಿ ಉಗಿದಳು.

ಅವತ್ತು ಸಂಜೆ ಅಕ್ಕತಂಗಿ ಹೊಸ್ತಿಲ ಮೇಲೆ ಕೂತಿದ್ದಾಗ ಮೇಲಿನಿಂದ ಬಕೆಟ್ಟು ಬಡಿಯುವ ಸದ್ದು ಬಂತು. ಮ್ಯಾನೇಜರೇ ಎತ್ತಿದ್ದ. ಇಸ್ತ್ರಿ ಮಾಡಿದ ಅಂಗಿಯ ಮೇಲೆ ಮುಸುರೆ ತುಳುಕಿಸಿಕೊಂಡು, ಬಂಡೆಯ ಮೇಲೆ ನಿಂತು ಬಡಿಯುತ್ತಿದ್ದ. ಗಾಜಿನ ಹಾಲಿನಲ್ಲಿ ದೀಪ ಹೊತ್ತಿತ್ತು. ಬಡಿದ, ನಿಲ್ಲಿಸಿದ, ಮತ್ತೆ ಬಡಿದ. ಕಾಡಿನ ಕಡೆ ಒಂದು ಎಲೆಯೂ ಅಲ್ಲಾಡಲಿಲ್ಲ. ದೂರದಲ್ಲಿ, ತುಂಬ ದೂರದಲ್ಲಿ, ಏನೋ ನೆಲ ಕೆದಕಿದ ಹಾಗೆ, ಉಸಿರು ಬಿಗಿಹಿಡಿದು ಹೀರಿದ ಹಾಗೆ ಕೇಳಿಸಿತು. ಗಾಳಿಯೂ ಇರಬಹುದು.

"ಬಂದ್ರೆ ಏನು ಮಾಡ್ತೀಯ ಅಕ್ಕ?" ಎಂದಳು ತಂಗಿ.

"ಕಲ್ಲು ಹೊಡೀತೀನಿ."

"ಪಾಪ, ಅದಕ್ಕಾ?"

"ಒಂದು ಅದಕ್ಕೆ," ಎಂದಳು ಮುಸುರೆಯಕ್ಕ. "ಮಿಕ್ಕಿದ್ದೆಲ್ಲ ಬಕೆಟ್ ಬಡಿಯೋನಿಗೆ."